ಸೆಕೆಂಡ್ ಪಿಯುಸಿ ಶುರುವಾಯ್ತು: ಸೀಟಿನ ತಯಾರಿ ಈಗಿಂದನೋ, ಸಿಇಟಿ ಆದ್ಮೇಲೋ?

ವರದಾ ದಂಡೆ
ನಮಸ್ಕಾರ್ರಿ ಎಲ್ಲಾರಿಗೂ. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ). ಒಂದರಿಂದ ಹತ್ತರ ತನಕ ಹಳ್ಳಿ ಸಾಲಿ, ಕನ್ನಡ ಮಾಧ್ಯಮ. ಕೆಟಗರಿ 2ಎ. ಇಂಜಿನಿಯರಿಂಗ್ ಇಲ್ಲಾ ಬಿಎಸ್ಸಿ ಅಗ್ರಿ ಅಂತಾಳ, ನೀಟೂ ಬರೀತೀನಿ ಅಂತಾಳ. ಓದೋದು ಅಕಿ ನೋಡ್ಕೋತಾಳ. ನಾ ಕೇಳೋದು ಬ್ಯಾರೆ: ಈ ಜೂನ್‌ದಿಂದ ಬರೋ ಜೂನ್ ತನಕ ಮನಿ ಮಂದಿ ಮಾಡಬೇಕಾದ್ದು ಏನು? ಯಾವ ಕಾಗದ, ಯಾವಾಗ, ಯಾರ ಸಹಿ? "ಸಿಇಟಿ ಆಗ್ಲಿ, ಆಮ್ಯಾಲ ನೋಡೋಣ" ಅಂತ ಎಲ್ಲಾರೂ ಹೇಳ್ತಾರ. ಖರೇನ?

ಸೈಬರ್ ಕಟ್ಟೆ
ಖರೆ ಅಲ್ಲ ಸರ್. ಸಿಇಟಿ ಅರ್ಜಿ ಜನವರಿ ಹೊತ್ತಿಗೆ ಬಿಡ್ತಾರೆ, ಪರೀಕ್ಷೆ ಏಪ್ರಿಲ್‌ನಲ್ಲಿ. ಮೀಸಲಾತಿ ಕೇಳೋದು ಅರ್ಜಿಯಲ್ಲೇ. ಅರ್ಜಿ ಬಿಟ್ಟ ವಾರ ನಾಡಕಚೇರಿ ಮುಂದೆ ಕ್ಯೂ ನಿಂತಿರುತ್ತೆ, ಸರ್ವರ್ ಮಲಗಿರುತ್ತೆ. ಆಗಸ್ಟ್ ಒಳಗೆ ಕಾಗದ ಮುಗಿಸಿಬಿಡಿ.

ನಿಮ್ಮ ಮಗಳಿಗೆ ಮೊದಲು ಬೇಕಾಗೋದು ಜಾತಿ-ಆದಾಯ ಪ್ರಮಾಣಪತ್ರ. 2ಎ, 2ಬಿ, 3ಎ, 3ಬಿ ಎಲ್ಲಕ್ಕೂ ನಮೂನೆ ಎಫ್. ಪ್ರವರ್ಗ-1 ಆದ್ರೆ ನಮೂನೆ ಇ, ಎಸ್‌ಸಿ/ಎಸ್‌ಟಿ ಆದ್ರೆ ನಮೂನೆ ಡಿ. ಅದರ ಮೇಲೆ ಆರ್‌ಡಿ ಅಂತ ಶುರುವಾಗೋ ನಂಬರ್ ಇರುತ್ತಲ್ಲ, ಅದೇ ಮುಖ್ಯ. ಅರ್ಜಿಯಲ್ಲಿ ಅದನ್ನ ಹಾಕಿದ್ರೆ ಕಂದಾಯ ಇಲಾಖೆ ದಾಖಲೆ ಜೊತೆ ತಾಳೆ ನೋಡುತ್ತೆ. ಪತ್ರ ಮಗಳ ಹೆಸರಲ್ಲೇ ಇರ್ಬೇಕು. ಅಪ್ಪನ ಹೆಸರಿನ ಪತ್ರದ ನಂಬರ್ ಹಾಕೋದು ಪ್ರತಿ ವರ್ಷ ನಡೆಯೋ ತಪ್ಪು.

ಆಮೇಲೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಆಧಾರ್, ಜಾತಿ ಪತ್ರ, ಬ್ಯಾಂಕ್ ಪಾಸ್‌ಬುಕ್ಕಲ್ಲೂ ಇರ್ಬೇಕು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೇದರಲ್ಲಿ ಅಪ್ಪನ ಪೂರ್ತಿ ಹೆಸರು ಅಂತಿದ್ರೆ ಈಗಲೇ ಸರಿಮಾಡಿಸಿ. ಬದಲಾಯಿಸೋದು ಆಧಾರನ್ನ. ಅಂಕಪಟ್ಟಿ ಮುಟ್ಟೋಕೆ ಹೋಗ್ಬೇಡಿ. ಅದರಲ್ಲೇ ಅಕ್ಷರ ತಪ್ಪಿದ್ರೆ ಮಾತ್ರ ಓದಿದ ಹೈಸ್ಕೂಲ್ ಹೆಡ್‌ಮಾಸ್ಟರ್ ಮೂಲಕ ಮಂಡಳಿಗೆ ಅರ್ಜಿ ಹಾಕ್ಬೇಕು, ಅದಕ್ಕೆ ಟೈಮ್ ಹಿಡಿಯುತ್ತೆ.

ಎರಡನೇ ಬೆಂಚು
ನಾನೂ ಸೆಕೆಂಡ್ ಪಿಯು. ಆದಾಯ ಪತ್ರ ಎಂಟನೇ ಕ್ಲಾಸಲ್ಲಿ ಮಾಡ್ಸಿದ್ದು ನಡೆಯುತ್ತಾ?

ಸೈಬರ್ ಕಟ್ಟೆ
ತಾರೀಖು ನೋಡಪ್ಪ. ಐದು ವರ್ಷ ಮಾನ್ಯ. ಎಂಟನೇ ಕ್ಲಾಸಿಂದು ಅಂದ್ರೆ ದಡದಲ್ಲಿದೆ, ಕೌನ್ಸೆಲಿಂಗ್ (ಸೀಟು ಹಂಚಿಕೆ) ನಡುವೆ ಮುಗಿದುಹೋದ್ರೆ ತಲೆನೋವು. ಹೊಸದು ಮಾಡಿಸು.

ಬಿಇಒ ಆಫೀಸಿನ ಮೆಟ್ಟಿಲು
ವರದಾ ದಂಡೆಯವ್ರ, ನಿಮ್ಮ ಮಗಳಿಗೆ ಎರಡು ದೊಡ್ಡ ಅನುಕೂಲ ಅದಾವ. ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮ ಕೋಟಾ ಶೇ 5. ಎರಡಕ್ಕೂ ಒಂದರಿಂದ ಹತ್ತು, ಪೂರಾ ಹತ್ತು ವರ್ಷ ಓದಿರಬೇಕು. ಒಂಬತ್ತು ವರ್ಷ ಆದ್ರ ಇಲ್ಲ. ಎರಡನ್ನೂ ಕೂಡೇ ಕೇಳಬಹುದು. ಓದಿದ ಸಾಲಿ ಹೆಡ್‌ಮಾಸ್ಟರ್ ವ್ಯಾಸಂಗ ಪ್ರಮಾಣಪತ್ರ ಬರೆದು ಸಹಿ ಹಾಕ್ತಾರ, ಮ್ಯಾಲ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಆಗಬೇಕು. ಪ್ರಾಥಮಿಕ ಒಂದು ಸಾಲಿ, ಹೈಸ್ಕೂಲ್ ಇನ್ನೊಂದು ಸಾಲಿ ಅಂದ್ರ ಎರಡೂ ಕಡೆಯಿಂದ ಪತ್ರ ಬೇಕು. ಬ್ಯಾರೆ ತಾಲೂಕಾದ್ರ ಎರಡು ಬಿಇಒ ಆಫೀಸು.

ಪತ್ರದಾಗ ಪ್ರತಿ ತರಗತಿ, ವರ್ಷ, ಊರು, ಮಾಧ್ಯಮ ಬಿಡಿಬಿಡಿಯಾಗಿ ಬರೆದಿರಬೇಕು. "1ರಿಂದ 7ರವರೆಗೆ ನಮ್ಮಲ್ಲಿ ಓದಿರುತ್ತಾಳೆ" ಅಂತ ಒಂದೇ ಸಾಲು ಬರೆಸ್ಕೊಂಡು ಬರ್ಬ್ಯಾಡ್ರಿ. ಬೇಸಿಗೆ ಸೂಟಿಯಾಗ ಹೆಡ್‌ಮಾಸ್ಟರು ಸಿಗೂದಿಲ್ಲ, ಆಗ ಸಹಿಗೆ ಅವ್ರ ಮನಿ ಹುಡುಕ್ಕೊಂಡು ಅಡ್ಡಾಡಬೇಕಾಗ್ತದ.

ಬೆಂಗಳೂರು ಬೈಪಾಸ್
ಹಳ್ಳಿ ಅಂದ್ರೆ ಯಾವ್ದು ಲೆಕ್ಕ? ಹೋಬಳಿ ಕೇಂದ್ರ ನಡೆಯುತ್ತಾ?

ಬಿಇಒ ಆಫೀಸಿನ ಮೆಟ್ಟಿಲು
ಹೋಬಳಿ ಲೆಕ್ಕಕ್ಕ ಬರೂದಿಲ್ರಿ. ಗ್ರಾಮ ಪಂಚಾಯಿತಿ ಹದ್ದು ಆದ್ರ ಗ್ರಾಮೀಣ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಯಾವುದೂ ಅಲ್ಲ. ಮಂದಿ ಎಡವೋದು ಪಟ್ಟಣ ಪಂಚಾಯಿತಿಯೊಳಗ. ನೋಡಾಕ ಹಳ್ಳಿ ಕಂಡಂಗ ಕಾಣ್ತದ, ಎಮ್ಮಿ ರಸ್ತೆದಾಗ ಮಲಗಿರ್ತಾವ, ಆದ್ರ ಕಾಗದದ ಮ್ಯಾಲ ಪಟ್ಟಣ. ಏಳರ ತನಕ ಹಳ್ಳಿಯೊಳಗ ಓದಿ ಎಂಟಕ್ಕ ಅಂಥ ಊರಿನ ಹೈಸ್ಕೂಲ್ ಸೇರಿದ್ರ ಗ್ರಾಮೀಣ ಕೋಟಾ ಹೋತು. ಕನ್ನಡ ಮಾಧ್ಯಮ ಮಾತ್ರ ಉಳೀತದ, ಯಾಕಂದ್ರ ಅದಕ್ಕ ಊರು ಲೆಕ್ಕ ಇಲ್ಲ.

ಬಿಸಿಲೂರು
ಕಲ್ಯಾಣ ಕರ್ನಾಟಕದವರೂ ಓದ್ತಿರಬಹುದು, ಅದಕ್ಕೆ ಸೇರಿಸ್ತಿದ್ದೀನಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ 371ಜೆ (ಈ ಭಾಗಕ್ಕೆ ಮೀಸಲಾತಿ ಕೊಡೋ ಸಂವಿಧಾನದ ವಿಧಿ) ಅರ್ಹತಾ ಪತ್ರ ಬೇರೆ ಬೇಕು. ಕೊಡೋರು ಸಹಾಯಕ ಆಯುಕ್ತರು, ತಹಶೀಲ್ದಾರ್ ಅಲ್ಲ. ಆ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ಉಳಿದ ಕರ್ನಾಟಕದಲ್ಲಿ ಶೇ 8. ಇಷ್ಟು ದೊಡ್ಡ ಅವಕಾಶನ ಒಂದು ಪತ್ರಕ್ಕೆ ಕಳ್ಕೊಳ್ಳೋರು ಇದ್ದಾರೆ.

ಕೋಚಿಂಗ್ ಕಾಮಣ್ಣ
ಕಾಗದ ಕಾಗದ ಅಂತ ಹೆದರಿಸ್ಬೇಡ್ರಪ್ಪಾ. ರ‍್ಯಾಂಕ್ ಬಂದ್ರೆ ಎಲ್ಲಾ ಬರುತ್ತೆ. ಸಿಇಟಿ ಕೋಚಿಂಗ್‌ಗೆ ಹಾಕಿ. ಪಿಯುಸಿಯಲ್ಲಿ ಪಾಸಾದ್ರೆ ಸಾಕು.

ರಸಾಯನ ಮೇಷ್ಟ್ರು
ಇದೇ ಮಾತು ಮಕ್ಕಳನ್ನು ಹಾಳು ಮಾಡುವುದು. ಲೆಕ್ಕ ಹಾಕೋಣ ಬನ್ನಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಪಿಸಿಎಂ ಅಂಕ ಅರ್ಧ, ಸಿಇಟಿ ಪಿಸಿಎಂ ಅಂಕ ಅರ್ಧ. ಪಿಯುಸಿ 300ಕ್ಕೆ, ಸಿಇಟಿ 180ಕ್ಕೆ. ಪಿಯುಸಿಯಲ್ಲಿ 270, ಸಿಇಟಿಯಲ್ಲಿ 90 ಬಂದರೆ 45 + 25 = 70. ಪಿಯುಸಿಯಲ್ಲಿ 210, ಸಿಇಟಿಯಲ್ಲಿ 120 ಬಂದರೆ 35 + 33.33 = 68.33. ಸಿಇಟಿಯಲ್ಲಿ 30 ಪ್ರಶ್ನೆ ಹೆಚ್ಚು ಮಾಡಿದವನು ಹಿಂದೆ ಬಿದ್ದ.

ಇನ್ನೂ ಸುಲಭವಾಗಿ ಹೇಳುವುದಾದರೆ ಪಿಯುಸಿಯ 5 ಅಂಕಕ್ಕೂ ಸಿಇಟಿಯ 3 ಪ್ರಶ್ನೆಗೂ ಒಂದೇ ತೂಕ. ಪಿಯುಸಿಯಲ್ಲಿ 5 ಅಂಕ ಅಂದರೆ ಒಂದು ದೊಡ್ಡ ಪ್ರಶ್ನೆ. ಸೂತ್ರ ಬರೆದು, ಏಕಮಾನ ಬಿಡದೆ, ಚಿತ್ರಕ್ಕೆ ಹೆಸರು ಕೊಟ್ಟರೆ ಬರುವ ಅಂಕ. ಸಿಇಟಿಯಲ್ಲಿ 3 ಪ್ರಶ್ನೆ ಹೆಚ್ಚಿಸಿಕೊಳ್ಳಲು ಎಷ್ಟು ಬೆವರು ಬೇಕು ಅಂತ ಕೋಚಿಂಗ್‌ನವರನ್ನೇ ಕೇಳಿ.

ಕೋಚಿಂಗ್ ಕಾಮಣ್ಣ
ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲೇ ಸಿಇಟಿಯ ಒಂದು ಪ್ರಶ್ನೆ ಪಿಯುಸಿಯ ಒಂದೂಮುಕ್ಕಾಲು ಅಂಕದ ಹತ್ರ ಇದೆ. ಅಂದ್ರೆ ಸಿಇಟಿನೇ ತೂಕ ಜಾಸ್ತಿ. ಮೇಲಾಗಿ ಪಿಯುಸಿಯಲ್ಲಿ 270 ದಾಟಿದವರು ಸಾವಿರಾರು ಜನ. ಅವರ ನಡುವೆ ಬೇರೆ ಮಾಡೋದು ಸಿಇಟಿನೇ ತಾನೆ?

ರಸಾಯನ ಮೇಷ್ಟ್ರು
1.67, ಒಂದೂಮುಕ್ಕಾಲಲ್ಲ. ಎರಡನೇ ಮಾತು ಒಪ್ಪಿದೆ. ಮೇಲಿನ ರ‍್ಯಾಂಕುಗಳಲ್ಲಿ ಎಲ್ಲರ ಪಿಯುಸಿ ಅಂಕವೂ ಹತ್ತಿರ ಹತ್ತಿರ ಇರುತ್ತದೆ, ಅಲ್ಲಿ ಸಿಇಟಿಯೇ ತೀರ್ಮಾನಿಸುತ್ತದೆ. ಆದರೆ "ಪಾಸಾದ್ರೆ ಸಾಕು" ಎಂಬ ಮಾತಿಗೆ ಅದು ಸಮರ್ಥನೆ ಆಗಲ್ಲ. ಅಲ್ಲದೆ ಇಂಜಿನಿಯರಿಂಗ್ ಅರ್ಹತೆಗೇ ಐಚ್ಛಿಕ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಮೀಸಲು ವರ್ಗಕ್ಕೆ ಶೇ 40 ಬೇಕು. ಬರೀ ಪಾಸಾದವರು ರ‍್ಯಾಂಕ್ ಪಟ್ಟಿಯ ಹೊರಗೇ ನಿಲ್ಲುತ್ತಾರೆ.

ಎರಡನೇ ಬೆಂಚು
ಸರ್, ಪ್ರಾಕ್ಟಿಕಲ್ 30 ಎಲ್ರಿಗೂ ಕೊಡ್ತಾರಂತೆ?

ರಸಾಯನ ಮೇಷ್ಟ್ರು
ಕೊಡುವುದಿಲ್ಲ, ಗಳಿಸಬೇಕು. ಭೌತ, ರಸಾಯನ, ಜೀವಶಾಸ್ತ್ರಕ್ಕೆ 70 ಬರವಣಿಗೆ, 30 ಪ್ರಾಯೋಗಿಕ. ಗಣಿತ, ಭಾಷೆಗಳಿಗೆ 80, ಉಳಿದ 20 ಆಂತರಿಕ. ಆಂತರಿಕ ಅಂಕಕ್ಕೆ ವರ್ಷದ ಕಿರು ಪರೀಕ್ಷೆ, ಅರ್ಧವಾರ್ಷಿಕ, ಪ್ರಾಜೆಕ್ಟ್ ಎಲ್ಲ ಸೇರುತ್ತವೆ. ಅರ್ಧವಾರ್ಷಿಕ ಪರೀಕ್ಷೆಗೆ ಚಕ್ಕರ್ ಹಾಕಿ ಕೋಚಿಂಗ್‌ಗೆ ಹೋಗುವವರು ಅದನ್ನು ನೆನಪಿಟ್ಟುಕೊಳ್ಳಲಿ. ಲ್ಯಾಬ್‌ನಲ್ಲಿ ಅಂಕ ಹೋಗುವುದು ಎಲ್ಲಿ ಗೊತ್ತಾ? ಟೈಟ್ರೇಶನ್‌ನಲ್ಲಿ ಬ್ಯುರೆಟ್‌ನ ತುದಿಯ ಗಾಳಿಗುಳ್ಳೆ ತೆಗೆಯದೆ ಶುರು ಮಾಡುತ್ತಾರೆ, ಮೊದಲ ರೀಡಿಂಗೇ ತಪ್ಪು. ಲವಣ ಪರೀಕ್ಷೆಯಲ್ಲಿ ಉತ್ತರ ಮೊದಲೇ ಊಹಿಸಿ ವೀಕ್ಷಣೆಯನ್ನು ಅದಕ್ಕೆ ಹೊಂದಿಸಿ ಬರೆಯುತ್ತಾರೆ, ಅದು ಪರೀಕ್ಷಕರಿಗೆ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ. ರೆಕಾರ್ಡ್ ಪುಸ್ತಕ ಡಿಸೆಂಬರ್‌ನಲ್ಲಿ ಒಂದೇ ರಾತ್ರಿ ತುಂಬಿಸಬೇಡ.

ಕಡಲ ತಡಿ
ಮೇಷ್ಟ್ರು ಹೇಳಿದ್ದು ಸರಿ ಉಂಟು. ಈಗ ಪಿಯುಸಿಗೆ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದಕ್ಕಿಂತ ಹೆಚ್ಚು ಇದೆಯಲ್ಲ, 2024ರಿಂದ. ಒಂದರಲ್ಲಿ ಕಮ್ಮಿ ಬಂದ್ರೆ ಆ ವಿಷಯ ಮಾತ್ರ ಮತ್ತೆ ಬರೀಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ. ಇನ್ನೊಂದಿದೆ ಅಂತ ಪರೀಕ್ಷೆ-1ನ್ನು ತಮಾಷೆಗೆ ಬರೀಬೇಡಿ ಮಾರಾಯ್ರೆ. ಪರೀಕ್ಷೆ-1 ಮುಗಿದ ಮೇಲೆ ಸಿಇಟಿಗೆ ಸಿಗುವ ಆ ಒಂದು ತಿಂಗಳಿನ ಜೊತೆ ಪರೀಕ್ಷೆ-2ರ ಓದೂ ಬಂದು ಕೂತ್ರೆ ಎರಡೂ ಕೆಡ್ತದೆ.

ಅಂಕ ಕಮ್ಮಿ ಅನಿಸಿದ್ರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸ್ಬೇಕು, ಆಮೇಲೆ ಮರುಎಣಿಕೆ ಅಥವಾ ಮರುಮೌಲ್ಯಮಾಪನ. ಸ್ಕ್ಯಾನ್ ಪ್ರತಿಗೆ ಕೊಡುವ ದಿನ ಬಹಳ ಕಮ್ಮಿ. ಫಲಿತಾಂಶದ ದಿನ ಸಿಹಿ ಹಂಚುವ ಗಡಿಬಿಡಿಯಲ್ಲಿ ಆ ತಾರೀಖು ಬರೆದಿಡಿ.

ಬೆಂಗಳೂರು ಬೈಪಾಸ್
ಸಿಬಿಎಸ್‌ಇ ಮಕ್ಕಳಿಗೆ ಯಾರಾದ್ರೂ ಹೇಳ್ರಪ್ಪಾ?

ಸೈಬರ್ ಕಟ್ಟೆ
ಸಿಬಿಎಸ್‌ಇ, ಐಸಿಎಸ್‌ಇಯವರು ಹನ್ನೆರಡನೇ ತರಗತಿ ಅಂಕವನ್ನ ಕೆಇಎ (ಸಿಇಟಿ ನಡೆಸೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪೋರ್ಟಲ್‌ನಲ್ಲಿ ತಾವೇ ನಮೂದಿಸ್ಬೇಕು. ಮಾಡದಿದ್ರೆ ರ‍್ಯಾಂಕ್ ತಡೆಹಿಡಿಯುತ್ತೆ. ಫಲಿತಾಂಶದ ದಿನ "ನನಗೆ ರ‍್ಯಾಂಕೇ ಇಲ್ಲ" ಅಂತ ಓಡಿಬರೋರಲ್ಲಿ ಇವರು ಬಹಳ.

ಇನ್ನೊಂದು ಎಲ್ಲರಿಗೂ. ಅರ್ಜಿಗೆ ಸ್ವಂತ ಮೊಬೈಲ್ ನಂಬರ್ ಕೊಡಿ. ಒಟಿಪಿ ಅದಕ್ಕೇ ಬರೋದು, ಆಯ್ಕೆ ತುಂಬೋವಾಗ್ಲೂ ಅದೇ. ಸೈಬರ್ ಸೆಂಟರ್ ಹುಡುಗನ ನಂಬರ್ ಹಾಕಿಸಿ, ಜೂನ್‌ನಲ್ಲಿ ಅವನು ಕೆಲಸ ಬಿಟ್ಟು ಹೋಗಿದ್ರೆ ಏನ್ ಮಾಡ್ತೀರಿ? ನಾನೇ ಸೈಬರ್ ಸೆಂಟರ್‌ನವನು, ನಾನೇ ಹೇಳ್ತಿದ್ದೀನಿ.

ವರದಾ ದಂಡೆ
ನೀಟ್ ಬರಿಯೂದಾದ್ರ ಸಿಇಟಿ ಅರ್ಜಿ ಬೇಕಾ? ಅಗ್ರಿಗೆ ಬ್ಯಾರೆ ಪರೀಕ್ಷೆ ಅದನ?

ಜೀವಕೋಶ
ಬೇಕೇ ಬೇಕು ಸರ್. ನೀಟ್ ನಡೆಸೋದು ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ, ಆದ್ರೆ ರಾಜ್ಯದ ಮೆಡಿಕಲ್ ಸೀಟು ಹಂಚೋದು ಕೆಇಎ. ಸರ್ಕಾರಿ ಕಾಲೇಜಿನ ಶೇ 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತೆ, ಅದನ್ನ ಹಂಚೋದು ಕೇಂದ್ರದ ಎಂಸಿಸಿ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ). ಉಳಿದದ್ದು ಕೆಇಎ ಕೈಲಿ. ಕೆಇಎ ನೋಂದಣಿ ಇಲ್ಲದೆ ನೀಟ್‌ನಲ್ಲಿ ಎಷ್ಟು ಬಂದ್ರೂ ರಾಜ್ಯ ಕೌನ್ಸೆಲಿಂಗ್‌ನಲ್ಲಿ ಹೆಸರಿರಲ್ಲ. ಅಲ್ಲದೆ ಬಿ.ಫಾರ್ಮ, ನ್ಯಾಚುರೋಪತಿ, ಬಿಎಸ್ಸಿ ನರ್ಸಿಂಗ್ ಎಲ್ಲ ಸಿಇಟಿ ದಾರಿಯಲ್ಲೇ.

ನೀಟ್ 180 ಪ್ರಶ್ನೆ, 720 ಅಂಕ. ಸರಿಯಾದರೆ 4, ತಪ್ಪಾದರೆ 1 ಕಡಿತ. ಕನ್ನಡದಲ್ಲೂ ಬರೀಬಹುದು, ಅರ್ಜಿ ಹಾಕುವಾಗಲೇ ಭಾಷೆ ಆರಿಸ್ಬೇಕು. ಆದ್ರೆ ಪಿಯುಸಿ ಇಂಗ್ಲಿಷ್‌ನಲ್ಲಿ ಓದಿದ ಮಕ್ಕಳಿಗೆ ಪರೀಕ್ಷೆ ದಿನ ಕನ್ನಡ ಪಾರಿಭಾಷಿಕ ಪದ ಹೊಸದಾಗಿ ಕಾಣುತ್ತೆ. ಒಂದು ಹಳೇ ಕನ್ನಡ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿ, ಆಮೇಲೆ ನಿರ್ಧರಿಸಿ.

ಅಗ್ರಿಗೆ ಪಿಯುಸಿ ಮತ್ತು ಸಿಇಟಿಯ ಪಿಸಿಎಂಬಿ ನಾಲ್ಕೂ ಲೆಕ್ಕ. ಅಂದ್ರೆ ಗಣಿತ, ಜೀವಶಾಸ್ತ್ರ ಎರಡೂ ಪೇಪರ್ ಬರೀಬೇಕು. "ನೀಟ್‌ಗೆ ಗಣಿತ ಬೇಡ" ಅಂತ ಗಣಿತ ಪೇಪರ್ ಬಿಟ್ಟರೆ ಅಗ್ರಿ ಬಾಗಿಲೂ ಮುಚ್ಚಿತು. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ತಹಶೀಲ್ದಾರರ ಪತ್ರ, ಜೊತೆಗೆ ಬೀಜ, ಗೊಬ್ಬರ, ಉಪಕರಣ ಗುರುತಿಸೋ ಪ್ರಾಯೋಗಿಕ ಪರೀಕ್ಷೆ. ಹೊಲ ಇದ್ರೆ ಈ ಕೋಟಾ ಅರ್ಜಿಯಲ್ಲೇ ಟಿಕ್ ಮಾಡಿ.

ಬೆಂಗಳೂರು ಬೈಪಾಸ್
ಹೊಲ ಇದ್ದೂ ಕುಸುಬೆ ಬೀಜಕ್ಕೂ ಸೂರ್ಯಕಾಂತಿ ಬೀಜಕ್ಕೂ ವ್ಯತ್ಯಾಸ ಗೊತ್ತಿಲ್ಲದ ಮಕ್ಕಳು ಬೇಕಾದಷ್ಟಿದ್ದಾರೆ ಬಿಡಿ.

ಬಿಸಿಲೂರು
ನಮ್ಮ ಕಡೆ ಕುಸುಬಿ ಗೊತ್ತಿಲ್ಲ ಅಂದ್ರ ಊಟಕ್ಕ ಹಾಕೂದಿಲ್ಲ. 😀

ಗಣಿತ ಗುಣಿತ
ಸಿಇಟಿ ಬಗ್ಗೆ ಎರಡು ಮಾತು. ಪೇಪರಿಗೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡ್. ತಪ್ಪಿಗೆ ಕಡಿತ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಕೊನೆಯ 5 ನಿಮಿಷ ಉಳಿದಿದ್ದನ್ನು ತುಂಬುವುದಕ್ಕೇ ಇಟ್ಟುಕೊಳ್ಳಿ. ಎಲ್ಲ ಬಿಡಿಸಿ ಕೊನೆಗೆ ಒಟ್ಟಿಗೆ ಓಎಂಆರ್ (ಉತ್ತರ ಗುರುತಿಸುವ ಹಾಳೆ) ತುಂಬುತ್ತೇನೆ ಅನ್ನುವವರು ಒಂದು ಸಾಲು ಜಾರಿದರೆ ಮುಂದಿನ ಉತ್ತರಗಳೆಲ್ಲ ಜಾರುತ್ತವೆ. ಐದೈದು ಪ್ರಶ್ನೆಗೊಮ್ಮೆ ತುಂಬಿ. ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ಓಎಂಆರ್‌ನಲ್ಲಿ ತಪ್ಪಾಗಿ ತುಂಬಿದರೆ ಬೇರೆ ಕೀಲಿಯಿಂದ ಮೌಲ್ಯಮಾಪನ ಆಗುತ್ತದೆ, ಅದಕ್ಕೆ ಔಷಧ ಇಲ್ಲ.

ಗಣಿತದಲ್ಲಿ ಪಿಯುಸಿ ವಿಧಾನ ಸಿಇಟಿಗೆ ಉದ್ದ. ನಿರ್ಧಾರಕ, ಅನುಕಲನದ (ಇಂಟಿಗ್ರೇಷನ್) ಲೆಕ್ಕಗಳಲ್ಲಿ ನಾಲ್ಕು ಆಯ್ಕೆಗಳನ್ನೇ ಹಾಕಿ ನೋಡುವುದು, ಎಕ್ಸ್‌ಗೆ 0 ಅಥವಾ 1 ಕೊಟ್ಟು ಪರೀಕ್ಷಿಸುವುದು ಕಲಿಯಬೇಕು. ಅದನ್ನು ಏಪ್ರಿಲ್‌ನಲ್ಲಿ ಕಲಿಯಲು ಆಗಲ್ಲ. ಪ್ರತಿ ಅಧ್ಯಾಯ ಮುಗಿದ ವಾರವೇ ಹಳೆಯ ಸಿಇಟಿ ಪ್ರಶ್ನೆ ಮಾಡಿಸಿ.

ಎರಡನೇ ಬೆಂಚು
ಸಿಲಬಸ್ ಹೊರಗಿನ ಪ್ರಶ್ನೆ ಬರುತ್ತಲ್ಲ ಸರ್?

ಗಣಿತ ಗುಣಿತ
2024ರಲ್ಲಿ ಬಂದಿದ್ದವು. 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದರು: ಭೌತ 9, ರಸಾಯನ 15, ಗಣಿತ 15, ಜೀವಶಾಸ್ತ್ರ 11. ಹಾಗಾಗಿ ಹಳೇ ಪ್ರಶ್ನೆಪತ್ರಿಕೆ ಬಿಡಿಸುವಾಗ ಈಗ ಪಠ್ಯದಲ್ಲಿ ಇಲ್ಲದ ಭಾಗ ಗುರುತಿಸಿ ಬಿಟ್ಟುಬಿಡಿ, ಅದರ ಮೇಲೆ ಸಮಯ ಸುಡಬೇಡಿ. ಇನ್ನೊಂದು: ಫಸ್ಟ್ ಪಿಯುಸಿ ಪುಸ್ತಕ ರದ್ದಿಗೆ ಹಾಕಬೇಡಿ. ಸಿಇಟಿಗೆ ಎರಡೂ ವರ್ಷದ ಪಠ್ಯ.

ಅಕೌಂಟೆನ್ಸಿ ಮೇಡಂ
ಕಾಲೇಜು ಅಂದ್ರೆ ಬರೀ ಸೈನ್ಸಾ? ಕಾಮರ್ಸ್, ಆರ್ಟ್ಸ್ ಮಕ್ಕಳ ತಾರೀಖು ಇನ್ನೂ ಬೇಗ ಬರುತ್ತೆ, ಯಾರೂ ಹೇಳಲ್ಲ. ನ್ಯಾಷನಲ್ ಲಾ ಸ್ಕೂಲ್‌ಗೆ ಹೋಗ್ಬೇಕು ಅಂದ್ರೆ ಅದರ ಪ್ರವೇಶ ಪರೀಕ್ಷೆ ಕ್ಲಾಟ್ ಇರೋದು ಡಿಸೆಂಬರ್‌ನಲ್ಲಿ, ಪಿಯುಸಿ ಪರೀಕ್ಷೆಗೂ ಮುಂಚೆ. 120 ಪ್ರಶ್ನೆ, 2 ಗಂಟೆ, ತಪ್ಪಿಗೆ 0.25 ಕಡಿತ. ಪಿಯುಸಿ ಮುಗಿದ್ಮೇಲೆ ಲಾ ಬಗ್ಗೆ ಯೋಚಿಸಿದ್ರೆ ಒಂದು ವರ್ಷ ಹೋಯ್ತು. ಸಿಎ ಫೌಂಡೇಶನ್‌ಗೆ ಹತ್ತನೇ ತರಗತಿ ಆದ್ಮೇಲೇ ನೋಂದಣಿ ಮಾಡಬಹುದು. ನಾಲ್ಕು ಪೇಪರ್, ಪ್ರತಿಯೊಂದರಲ್ಲೂ 40, ಒಟ್ಟು ಶೇ 50 ಬೇಕು. ಪರೀಕ್ಷೆಗೆ ತಿಂಗಳುಗಳ ಮೊದಲೇ ನೋಂದಣಿ ಆಗಿರ್ಬೇಕು, ಆ ಕೊನೇ ದಿನಾಂಕ ತಪ್ಪಿಸ್ಕೊಂಡ್ರೆ ಮುಂದಿನ ಅವಧಿಗೇ.

ಕಲಬುರಗಿಯ ಕೇಂದ್ರೀಯ ವಿವಿಯಂಥ ಕಡೆ ಪದವಿಗೆ ಸಿಯುಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು. ನಮ್ಮ ರಾಜ್ಯ ವಿವಿಗಳ ಬಿಎ, ಬಿಕಾಂ, ಬಿಎಸ್ಸಿಗೆ ಯುಯುಸಿಎಂಎಸ್ ಪೋರ್ಟಲ್. ಪದವಿ ಈಗ ಮತ್ತೆ ಮೂರೇ ವರ್ಷ, 2024-25ರಿಂದ. ಅಣ್ಣ-ಅಕ್ಕಂದಿರ ನಾಲ್ಕು ವರ್ಷದ ಲೆಕ್ಕ ಇಟ್ಕೊಂಡು ಕೂರ್ಬೇಡಿ.

ಕಡಲ ತಡಿ
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಜೆಇಇಯವರು ರಾಜ್ಯದ 2ಎ ಪತ್ರ ಹಿಡ್ಕೊಂಡು ಹೋಗಿ ಅಲ್ಲಿ ಸಿಕ್ಕಿಬೀಳ್ತಾರೆ. ಎನ್‌ಐಟಿ, ಐಐಟಿಗೆ ಬೇಕಾಗುವುದು ಕೇಂದ್ರದ ಒಬಿಸಿ ನಮೂನೆ, ಕೆನೆಪದರ ಅಲ್ಲ ಅಂತ ಇರುವುದು. ಅದೂ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದೇ ಆಗ್ಬೇಕು. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ನಿಮ್ಮ ಜಾತಿ ಕೇಂದ್ರ ಪಟ್ಟಿಯಲ್ಲಿ ಉಂಟಾ ಅಂತ ಮೊದಲು ನೋಡಿ.

ಹಾಸ್ಟೆಲ್ ಗೇಟ್
ಸೀಟು ಸಿಕ್ಕ ಮೇಲೆ ದುಡ್ಡಿನ ಮಾತು. ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಹಣ ವಿದ್ಯಾರ್ಥಿಯ ಆಧಾರ್ ಸೀಡ್ ಆಗಿರೋ ಖಾತೆಗೇ ಬರೋದು. ಬ್ಯಾಂಕ್‌ನಲ್ಲಿ ಆಧಾರ್ "ಲಿಂಕ್" ಆಗಿರೋದೇ ಬೇರೆ, ಎನ್‌ಪಿಸಿಐ ಸೀಡಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಅಂತ ಆಧಾರ್ ಮೂಲಕ ಗುರುತಿಸೋದು) ಬೇರೆ. ಲಿಂಕ್ ಆಗಿದೆ ಅಂತ ಕೂತವರಿಗೆ ಹಣ ಬರಲ್ಲ. ಎರಡು ಖಾತೆ ಇದ್ರೆ ಕೊನೆಗೆ ಸೀಡ್ ಆದದ್ದಕ್ಕೆ ಹೋಗುತ್ತೆ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ರೆ ವಿದ್ಯಾಸಿರಿ ಇದೆ, ಊಟ-ವಸತಿಗೆ ತಿಂಗಳ ಸಹಾಯಧನ, ಹತ್ತು ತಿಂಗಳು. ಇಂಜಿನಿಯರಿಂಗ್‌ಗೆ ಎಸ್‌ಎನ್‌ಕ್ಯೂ ಅಂತ ಶೇ 5 ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ, ಆದಾಯ 8 ಲಕ್ಷದ ಒಳಗಿರ್ಬೇಕು. ಅದನ್ನೂ ಕೇಳೋದು ಸಿಇಟಿ ಅರ್ಜಿಯಲ್ಲೇ.

ಕೋಚಿಂಗ್ ಕಾಮಣ್ಣ
ಇದು ನಂಗೂ ಗೊತ್ತಿರ್ಲಿಲ್ಲ. ಒಪ್ಪಿದೆ, ಕಾಗದಾನೂ ಬೇಕು. ಈಗ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ತುಂಬೋದು) ಬಗ್ಗೆ ನಾನು ಹೇಳ್ತೀನಿ: ರ‍್ಯಾಂಕ್ ನೋಡ್ಕೊಂಡು ಸಿಗೋ ಕಾಲೇಜನ್ನೇ ಮೇಲೆ ಹಾಕಿ. ದೊಡ್ಡ ಕಾಲೇಜು ಮೇಲೆ ಹಾಕಿದ್ರೆ ಕೆಳಗಿನದು ಬೇರೆಯವರ ಪಾಲಾಗುತ್ತೆ.

ಗಣಿತ ಗುಣಿತ
ತಪ್ಪು, ಪೂರ್ತಿ ತಪ್ಪು. ಹಂಚಿಕೆ ರ‍್ಯಾಂಕ್ ಸರದಿಯಲ್ಲಿ ನಡೆಯುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ, ಖಾಲಿ ಇರುವ ಮೊದಲನೆಯದು ನಿಮ್ಮದು. ಕೆಳಗಿನ ಆಯ್ಕೆಯನ್ನು ನಿಮಗಿಂತ ಹಿಂದಿನ ರ‍್ಯಾಂಕಿನವರು ಅಷ್ಟರಲ್ಲಿ ಕಸಿದುಕೊಳ್ಳಲು ಸಾಧ್ಯವೇ ಇಲ್ಲ. ಹಾಗಾಗಿ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ. ಸಿಗುವುದನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ, ಅದಕ್ಕಿಂತ ಒಳ್ಳೆಯದು ಖಾಲಿ ಇದ್ದರೂ ಅದರತ್ತ ನೋಡುವುದೇ ಇಲ್ಲ.

ಸೈಬರ್ ಕಟ್ಟೆ
ಅಣಕು ಹಂಚಿಕೆ ಬಂದ ದಿನ ಅಳೋದು, ಕುಣಿಯೋದು ಎರಡೂ ಬೇಡ. ಅದು ಬರೀ ಅಂದಾಜು, ಆಮೇಲೆ ಪಟ್ಟಿ ಬದಲಾಯಿಸೋಕೆ ಅವಕಾಶ ಇರುತ್ತೆ. ಹಿಂದಿನ ವರ್ಷದ ಕಟಾಫ್ ನೋಡುವಾಗ ನಿಮ್ಮ ಸಾಲು ಯಾವ್ದು ಗೊತ್ತಿರ್ಲಿ: ವರದಾ ದಂಡೆ ಸರ್, ನಿಮಗೆ 2ಎಜಿ, 2ಎಆರ್, 2ಎಕೆ ಮೂರೂ ಅನ್ವಯ, ಜೊತೆಗೆ ಜಿಎಂ, ಜಿಎಂಆರ್, ಜಿಎಂಕೆ. ಜಿಎಂ ಅಂದ್ರೆ ಸಾಮಾನ್ಯ ವರ್ಗ, ಆರ್ ಅಂದ್ರೆ ಗ್ರಾಮೀಣ, ಕೆ ಅಂದ್ರೆ ಕನ್ನಡ ಮಾಧ್ಯಮ. ಕೆಲವು ಕಾಲೇಜಿಗೆ ಎರಡು ಕೋಡ್ ಇರುತ್ತೆ, ಒಂದು ಅನುದಾನಿತ, ಒಂದು ಅನುದಾನರಹಿತ. ಅದೇ ಕಟ್ಟಡ, ಫೀಸು ಮಾತ್ರ ಬಹಳ ವ್ಯತ್ಯಾಸ. ಅನುದಾನಿತ ಕೋಡನ್ನ ಮೇಲೆ ಹಾಕಿ.

ಸೀಟು ಬಂದ್ಮೇಲೆ ನಾಲ್ಕು ಚಾಯ್ಸ್. ಒಂದು, ಒಪ್ಪಿ ಸೇರೋದು. ಎರಡು, ಇದನ್ನ ಹಿಡ್ಕೊಂಡು ಮೇಲಿನದಕ್ಕೆ ಕಾಯೋದು. ಮೂರು, ಇದನ್ನ ಬಿಟ್ಟು ಮುಂದಿನ ಸುತ್ತಿಗೆ ಹೋಗೋದು. ನಾಲ್ಕು, ಎಲ್ಲಾ ಬಿಟ್ಟು ಹೊರಗೆ. ಎರಡು ಒತ್ತೋ ಬದಲು ಮೂರು ಒತ್ತಿದ್ರೆ ಕೈಲಿದ್ದ ಸೀಟು ಹೋಯ್ತು. ಒತ್ತುವಾಗ ಪಕ್ಕದಲ್ಲಿ ಇನ್ನೊಬ್ಬರು ನಿಂತು ಓದಿ ಹೇಳ್ಲಿ.

ವರದಾ ದಂಡೆ
ಎಲ್ಲಾರಿಗೂ ಶರಣು. ನಾಳೆ ಸೋಮವಾರ ನಾಡಕಚೇರಿಗೆ ಹೊಂಟೀನಿ, ಬುಧವಾರ ಹಳ್ಳಿ ಸಾಲಿಗೆ. ಒಂದ್ ಕೇಳೂದು ಉಳೀತು: ಜಾತಿ ಪತ್ರದಾಗ ಇರೋ ಜಾತಿ ಹೆಸರಿಗೂ ಸಾಲಿ ಟಿಸಿಯೊಳಗ ಬರೆದದ್ದಕ್ಕೂ ಒಂದಕ್ಷರ ವ್ಯತ್ಯಾಸ ಅದ. ಅಲ್ಲಿ ಉಪಜಾತಿ ಬರದಾರ, ಇಲ್ಲಿ ಇಲ್ಲ.

ಬಿಇಒ ಆಫೀಸಿನ ಮೆಟ್ಟಿಲು
ಹಂಗಾದ್ರ ಸೋಮವಾರನ ಸಾಲಿಗೆ ಹೋಗ್ರಿ, ನಾಡಕಚೇರಿ ಬುಧವಾರ. ಸಾಲಿ ದಾಖಲಾತಿ ರಿಜಿಸ್ಟರ್‌ದಾಗ ಏನದ ನೋಡಿ, ಅದರ ಪ್ರತಿ ದೃಢೀಕರಿಸಿ ತಗೊಂಡ್ ಬರ್ರಿ. ತಹಶೀಲ್ದಾರ್ ಆಫೀಸಿನವ್ರು ಕೇಳೂದು ಅದನ್ನ. ಟಿಸಿಯ ಎರಡು ಝೆರಾಕ್ಸೂ ಇಟ್ಕೋರಿ.

ಎರಡನೇ ಬೆಂಚು
ನೀಲಿ ಪೆನ್ನಾ ಕಪ್ಪು ಪೆನ್ನಾ ಓಎಂಆರ್‌ಗೆ?

ಗಣಿತ ಗುಣಿತ
ಎರಡೂ ನಡೆಯುತ್ತೆ, ಬಾಲ್‌ಪಾಯಿಂಟ್ ಆಗಿರಲಿ. ಜೆಲ್ ಪೆನ್ ಹರಡುತ್ತೆ. ಹೋಗಿ ಓದು ಈಗ.